ತಾಳೆ ನೋಡುವವರಿಗೂ ಪುಟ ಬೇಕು

ಓದುಗರ ಪತ್ರ: ನಿಮ್ಮ ವಿಜ್ಞಾನದ ಪುಟಗಳಲ್ಲಿ ಈಚೆಗೆ ಹಳೆಯ ಸಂಶೋಧನೆಗಳ ತಪ್ಪು ಹುಡುಕುವ ಲೇಖನಗಳೇ ಜಾಸ್ತಿ. ಮಿದುಳು, ಜೀನು, ಔಷಧಿ ಅಂತ ದಿನಾ ಹೊಸದು ಬರುತ್ತಿರುವಾಗ ಸುಮ್ನೆ ಹಳೆಯದನ್ನು ಯಾಕೆ ಕೆದಕುತ್ತೀರಿ? ಹೀಗಾದರೆ ಜನಕ್ಕೆ ವಿಜ್ಞಾನದ ಮೇಲಿನ ನಂಬಿಕೆಯೇ ಹೋಗುವುದಿಲ್ಲವೇ?
– ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕರು

ಸಂಪಾದಕರ ಉತ್ತರ:

ಮೇಷ್ಟ್ರೇ, ಹೊಸದರ ಬಗ್ಗೆ ನಿಮಗಿರುವ ಹುರುಪು ನನಗೂ ಇದೆ. 2024ರಲ್ಲಿ ಹಣ್ಣುನೊಣದ ಇಡೀ ಮಿದುಳಿನ ನಕ್ಷೆ ಹೊರಬಂದಾಗ ನಾನೂ ಬೆರಗಾದೆ. ಸುಮಾರು 1,39,000 ನರಕೋಶಗಳು, ಅವುಗಳ ನಡುವೆ ಕೋಟಿಗಟ್ಟಲೆ ಕೊಂಡಿಗಳು. ಆದರೆ ಆ ನಕ್ಷೆ ತಯಾರಾಗಿದ್ದು ಹೇಗೆ ಅಂತ ನೋಡಿ. ಮೊದಲು ಕಂಪ್ಯೂಟರ್ ಒಂದೊಂದು ಕೋಶದ ಗೆರೆ ಎಳೆಯಿತು. ಅದು ಎಲ್ಲಿ ಎರಡು ಕೋಶಗಳನ್ನು ಅಂಟಿಸಿಬಿಟ್ಟಿತ್ತು, ಎಲ್ಲಿ ಒಂದನ್ನೇ ತುಂಡು ಮಾಡಿತ್ತು ಎಂದು ಕೂತು ತಿದ್ದಿದವರು ನೂರಾರು ಜನ. ಸ್ವಂತ ಆಸಕ್ತಿಯಿಂದ ಬಂದ ಹವ್ಯಾಸಿಗಳೂ ಅವರಲ್ಲಿದ್ದರು. ನನ್ನ ಮನಸ್ಸು ಇರುವುದು ಇವರ ಕಡೆಗೆ.

2009ರಲ್ಲಿ ಮಿದುಳು ಸಂಶೋಧಕ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು, ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಯಂತ್ರದೊಳಗಿಟ್ಟರು. ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇವರಿಗೆ ಏನನ್ನಿಸುತ್ತಿದೆ ಹೇಳು ಎಂದು ಕೇಳಿದರು. ಸತ್ತ ಮಿದುಳಿನಲ್ಲೂ ಚಟುವಟಿಕೆ ಕಂಡಿತು! ಮಿದುಳಿನ ಚಿತ್ರವನ್ನು ಸಾವಿರಾರು ಚೂರುಗಳಾಗಿ ಒಡೆದು ಒಂದೊಂದನ್ನೂ ಪರೀಕ್ಷಿಸುವಾಗ, ಕೆಲವು ಬರೀ ಆಕಸ್ಮಿಕವಾಗಿ ಹೊಳೆಯುತ್ತವೆ. ಅಷ್ಟೊಂದು ಪರೀಕ್ಷೆ ಮಾಡಿದ್ದಕ್ಕೆ ತಕ್ಕಂತೆ ಲೆಕ್ಕ ಬಿಗಿ ಮಾಡಿದಾಗ ಆ ಹೊಳಪು ಹೋಯಿತು. ಆಗ ಎಷ್ಟೋ ಮಿದುಳಿನ ಪ್ರಬಂಧಗಳು ಈ ಬಿಗಿ ಇಲ್ಲದೆಯೇ ಅಚ್ಚಾಗುತ್ತಿದ್ದವು. ಇದು ಹಳೆಯದನ್ನು ಕೆದಕುವುದೇ?

ಜೀನುಗಳ ಕಥೆ ಇನ್ನೂ ಬೇಸರದ್ದು. ಸೆಪ್ಟಿನ್ ಎಂಬ ಜೀನುಗಳ ಗುಂಪಿಗೆ ‘ಸೆಪ್ಟ್1’, ‘ಸೆಪ್ಟ್2’ ಎಂಬ ಚಿಕ್ಕ ಹೆಸರುಗಳಿದ್ದವು. ಎಕ್ಸೆಲ್‌ನಲ್ಲಿ ಟೈಪ್ ಮಾಡಿದ ಕೂಡಲೇ ಅದು ಸೆಪ್ಟೆಂಬರ್ 1, ಸೆಪ್ಟೆಂಬರ್ 2 ಎಂದು ತಾರೀಖು ಮಾಡಿಬಿಡುತ್ತಿತ್ತು. ಇದನ್ನು 2004ರಲ್ಲೇ ಕೆಲವರು ಎಚ್ಚರಿಸಿದ್ದರು. 2016ರಲ್ಲಿ ಮತ್ತೆ ಹುಡುಕಿದಾಗ, ಜೀನುಗಳ ಎಕ್ಸೆಲ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಹೀಗೆ ಕೆಟ್ಟಿತ್ತು. ಹನ್ನೆರಡು ವರ್ಷ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕೊನೆಗೆ 2020ರ ಹೊತ್ತಿಗೆ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು.

ನಂಬಿಕೆ ಹೋಗುತ್ತದೆ ಅಂದಿರಿ. ಕೊರೋನಾ ಕಾಲವನ್ನು ನೆನೆಯಿರಿ. 2020ರ ಮೇ 22ರಂದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ, ಮಲೇರಿಯಾದ ಔಷಧಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟ ಕೊರೋನಾ ರೋಗಿಗಳಲ್ಲಿ ಸಾವು ಜಾಸ್ತಿ ಎನ್ನುವ ಒಂದು ಪ್ರಬಂಧ ಪ್ರಕಟಿಸಿತು. 96,000 ರೋಗಿಗಳ ದಾಖಲೆ ಎಂದು ಹೇಳಿಕೊಂಡಿತ್ತು. ಅದನ್ನು ನಂಬಿ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನೇ ತಡೆಹಿಡಿಯಿತು. ಆದರೆ ಆಸ್ಟ್ರೇಲಿಯಾದಲ್ಲಿ ಸತ್ತವರ ಸಂಖ್ಯೆ ಆ ಪ್ರಬಂಧದಲ್ಲಿ ಸರ್ಕಾರಿ ಲೆಕ್ಕಕ್ಕಿಂತ ಜಾಸ್ತಿ ಇರುವುದು ಕೆಲವರ ಕಣ್ಣಿಗೆ ಬಿತ್ತು. ಮೂಲ ದಾಖಲೆ ತೋರಿಸಿ ಎಂದು ಪಟ್ಟು ಹಿಡಿದರು. ದಾಖಲೆ ಬರಲಿಲ್ಲ. ಜೂನ್ 4ರಂದು ಪ್ರಬಂಧ ವಾಪಸಾಯಿತು. ಅವರು ಸುಮ್ಮನಿದ್ದಿದ್ದರೆ ನಂಬಿಕೆ ಉಳಿಯುತ್ತಿತ್ತೇ?

ಲೆಕ್ಕ ಮುಗಿಸಿದ ಮಕ್ಕಳಿಗೆ ‘ತಾಳೆ ನೋಡ್ರೋ’ ಎಂದು ವರ್ಷಗಟ್ಟಲೆ ಹೇಳಿದವರು ನೀವು, ಅಲ್ವಾ? ಅದನ್ನೇ ದೊಡ್ಡವರು ಮಾಡಿದಾಗ ಯಾಕೆ ಮುನಿಸು?

ನನಗೆ ಸಿಟ್ಟಿರುವುದು ಬೇರೆಯವರ ಮೇಲೆ. ಬಡ್ತಿ ಬೇಕಾದರೆ ಎಷ್ಟು ಪ್ರಬಂಧ ಬರೆದೆ ಎಂದು ಎಣಿಸುತ್ತಾರೆ, ಎಷ್ಟು ತಪ್ಪು ಹಿಡಿದೆ ಎಂದು ಯಾರೂ ಕೇಳುವುದಿಲ್ಲ. ಇನ್ನೊಬ್ಬರ ಪ್ರಯೋಗವನ್ನು ಮತ್ತೆ ಮಾಡಿ ನೋಡುತ್ತೇನೆ ಎಂದರೆ ಹಣ ಹುಟ್ಟುವುದಿಲ್ಲ. ನನಗೆ ಪರಿಚಯದ ಹುಡುಗಿಯೊಬ್ಬಳು ಪಿಎಚ್‌ಡಿಗೆ ಹೆಸರಾಂತ ಪ್ರಯೋಗವೊಂದನ್ನು ಮಾಡಿ ನೋಡಿದಳು. ಎಷ್ಟು ಸಲ ಮಾಡಿದರೂ ಆ ಫಲಿತಾಂಶ ಬರಲಿಲ್ಲ. ‘ಇದನ್ನ ಬೀರುವಿನಲ್ಲಿಡು, ಬೇರೆ ವಿಷಯ ತಗೋ’ ಎಂದರಂತೆ ಗೈಡು. ಅದೇ ತಪ್ಪು ದಾರಿಯಲ್ಲಿ ಇನ್ನೆಷ್ಟು ಮಕ್ಕಳು ವರ್ಷ ಕಳೆಯುತ್ತಾರೋ! ಪತ್ರಿಕೆಗಳೂ ಅಷ್ಟೇ. ಹೊಸ ಸುದ್ದಿ ಮುಖಪುಟಕ್ಕೆ, ಅದು ಸುಳ್ಳೆಂದು ತಿಳಿದ ಸುದ್ದಿ ಎಲ್ಲಿಯೂ ಇಲ್ಲ.

ಹೊಸ ಸಂಶೋಧನೆಗೆ ನಮ್ಮಲ್ಲಿ ಮೊದಲಿನಷ್ಟೇ ಜಾಗವಿರುತ್ತದೆ. ಆದರೆ ಮುಂದಿನ ಸಂಚಿಕೆಯಿಂದ, ನಾವು ಹೊಗಳಿ ಬರೆದ ಯಾವುದೇ ಪ್ರಬಂಧ ವಾಪಸಾದರೆ, ಆ ಸುದ್ದಿ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರುತ್ತದೆ.