ಡ್ರೈಯರ್ ಇದ್ದರೂ ಸಾರ್ಟೆಕ್ಸ್‌ಗೆ ನೀರು ಬರುವುದೇಕೆ?

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮ ಅಕ್ಕಿ ಗಿರಣಿ ಇದೆ. ಅಕ್ಕಿಯಿಂದ ಕಪ್ಪು ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಮಷಿನ್ನಿಗೆ ಹೋಗುವ ಕಂಪ್ರೆಸರ್ ಗಾಳಿಯನ್ನು ಒಣಗಿಸಲು ಎರಡು ಟವರಿನ ಡ್ರೈಯರ್ ಹಾಕಿಸಿ ಎರಡು ವರ್ಷವಾಯಿತು. ಮಳೆಗಾಲ ಬಂತೆಂದರೆ ಪೈಪಿನಲ್ಲಿ ನೀರು; ಗಾಳಿ ಊದಿ ಕಾಳನ್ನು ಹೊರದೂಡುವ ಎಜೆಕ್ಟರ್ ಅಂಟಿಕೊಂಡು ಕಪ್ಪು ಕಾಳು ಒಳ್ಳೆ ಅಕ್ಕಿಯ ಜೊತೆಗೇ ಹೋಗುತ್ತದೆ. ಡ್ರೈಯರಿನೊಳಗಿನ ತೇವ ಹೀರುವ ಬಿಳಿ ಗುಂಡುಗಳನ್ನು ಬದಲಿಸಿದ ನಾಲ್ಕೇ ತಿಂಗಳಿಗೆ ಮತ್ತೆ ಅದೇ ಪಾಡು. ಇನ್ನೂ ದೊಡ್ಡ ಡ್ರೈಯರ್ ಬೇಕೇ?

ಉತ್ತರ: ಸದ್ಯಕ್ಕೆ ದುಡ್ಡು ಹಾಕಬೇಡಿ. ಆ ಅಲ್ಯುಮಿನಾ ಗುಂಡುಗಳು ಸಾಮಾನ್ಯವಾಗಿ 3ರಿಂದ 5 ವರ್ಷ ಬಾಳುತ್ತವೆ. ನಾಲ್ಕು ತಿಂಗಳಿಗೆ ಕೆಟ್ಟಿವೆ ಎಂದರೆ ತಪ್ಪು ಡ್ರೈಯರಿಗಿಂತ ಹಿಂದೆಯೇ ಇರಬಹುದು.

ಡ್ರೈಯರ್ ಇರುವುದು ಆವಿ ಹೀರಲಿಕ್ಕೆ, ಹರಿದು ಬರುವ ನೀರನ್ನು ಕುಡಿಯಲಿಕ್ಕಲ್ಲ. ಮಳೆಗಾಲದಲ್ಲಿ 30 ಡಿಗ್ರಿಯ ಪೂರ್ತಿ ತೇವದ ಗಾಳಿ ಘನ ಮೀಟರಿಗೆ ಸುಮಾರು 30 ಗ್ರಾಂ ನೀರು ಹೊತ್ತಿರುತ್ತದೆ. ಅಂಥ ಎಂಟು ಘನ ಮೀಟರನ್ನು ಕಂಪ್ರೆಸರ್ ಗೇಜಿನಲ್ಲಿ 7 ಬಾರ್ ಒತ್ತಡ ತೋರಿಸುವಷ್ಟು ಒತ್ತಿದರೆ ಒಂದಾಗುತ್ತದೆ. ತಣ್ಣಗಾದಾಗ ಆ ಒಂದಕ್ಕೆ ಹಿಡಿಯುವುದು ಮತ್ತೆ ಅದೇ 30 ಗ್ರಾಂ. ಉಳಿದ 200 ಗ್ರಾಂಗೂ ಹೆಚ್ಚು ನೀರಾಗಿ ಇಳಿಯಲೇಬೇಕು. ಇದು ಕೂಲರ್, ಟ್ಯಾಂಕ್‌ಗಳಲ್ಲೇ ಇಳಿದು ತಾನಾಗಿ ನೀರು ಹೊರಬಿಡುವ ವಾಲ್ವಾದ ಆಟೋ ಡ್ರೈನಿನಿಂದ ಹೊರಹೋಗಬೇಕು. ಡ್ರೈನ್ ಕಟ್ಟಿದ್ದರೆ ಅಷ್ಟೂ ಗುಂಡುಗಳ ಮೇಲೆಯೇ ಸುರಿಯುತ್ತದೆ. ಹಾಗಾಗಿ ಮೊದಲು ಟ್ಯಾಂಕಿನ ಕೆಳಗಿನ ವಾಲ್ವನ್ನು ಕೈಯಿಂದ ತೆರೆದು ನೋಡಿ. ಬಕೆಟ್‌ಗಟ್ಟಲೆ ನೀರು ಬಂದರೆ ಅರ್ಧ ಉತ್ತರ ಸಿಕ್ಕಂತೆಯೇ.

ಸ್ಟೀಮ್ ಅಕ್ಕಿ ಮಾಡುವವರಾದರೆ ಇನ್ನೊಂದು ಗಮನಿಸಿ. ಭತ್ತ ಬೇಯಿಸುವ ಕಡೆಗೇ ಕಂಪ್ರೆಸರ್ ಇಟ್ಟರೆ ಅದು ಎಳೆದುಕೊಳ್ಳುವುದೇ ಹಬೆ ಮತ್ತು ತೌಡಿನ ಧೂಳು. ಕೂಲರಿನ ರೆಕ್ಕೆಗಳಿಗೆ ಧೂಳು ಮೆತ್ತಿ ಗಾಳಿ ಬಿಸಿಯಾಗಿಯೇ ಹೊರಬರುತ್ತದೆ. 35 ಡಿಗ್ರಿಯಲ್ಲಿ ಘನ ಮೀಟರಿಗೆ 40 ಗ್ರಾಂ ಹಿಡಿಯುವ ಗಾಳಿ 45ರಲ್ಲಿ 65 ಗ್ರಾಂ ಹಿಡಿಯುತ್ತದೆ. ಆ ಹೊರೆಯೆಲ್ಲ ಡ್ರೈಯರಿನದು.

ಇನ್ನು ಕಂಪ್ರೆಸರಿನಿಂದ ಗಾಳಿಯ ಜೊತೆ ಬರುವ ಎಣ್ಣೆ. ಹಳೆಯ ಗುಂಡುಗಳು ಹಳದಿ, ಕಂದು ಬಣ್ಣಕ್ಕೆ ತಿರುಗಿದ್ದವೇ ನೆನಪಿಸಿಕೊಳ್ಳಿ. ಹೀರಿದ ನೀರನ್ನು ಒಣಗಾಳಿ ಬಿಟ್ಟು ಹೊರದೂಡಬಹುದು, ಎಣ್ಣೆಯನ್ನು ಹಾಗೆ ತೆಗೆಯಲಾಗದು. ಡ್ರೈಯರಿನ ಮುಂಚೆ ಎಣ್ಣೆ ಹಿಡಿಯುವ ಫಿಲ್ಟರ್ ಇರಲೇಬೇಕು, ಅದರ ಎಲಿಮೆಂಟ್ ಕಾಲಕಾಲಕ್ಕೆ ಬದಲಾಗಲೇಬೇಕು.

ಟವರಿನ ಗೇಜ್ ಕೂಡ ನೋಡಿ. ಒಂದು ಟವರ್ ಗಾಳಿ ಒಣಗಿಸುವಾಗ ಇನ್ನೊಂದು ತಾನು ಒಣಗುತ್ತದೆ; ಆ ಸರದಿಯಲ್ಲಿ ಅದರ ಮುಳ್ಳು ಸೊನ್ನೆಯ ಹತ್ತಿರ ಇಳಿಯಬೇಕು. ಇಳಿಯದಿದ್ದರೆ ಗಾಳಿ ಹೊರಹೋಗುವ ಬಾಯಿಯ ಸೈಲೆನ್ಸರ್ ಕಟ್ಟಿರುವ ಸಾಧ್ಯತೆ ಹೆಚ್ಚು. ಗುಂಡುಗಳು ಒಣಗುತ್ತಲೇ ಇಲ್ಲ.

ಮನಸ್ಸು ಬಿಚ್ಚಿ ಹೇಳುವುದಾದರೆ, ಸಾರ್ಟೆಕ್ಸ್‌ಗೆ ಮೈನಸ್ 40 ಡಿಗ್ರಿ ಡ್ಯೂ ಪಾಯಿಂಟಿನ (ಅಂದರೆ ಅಷ್ಟು ತಣ್ಣಗಾಗುವವರೆಗೂ ತೇವ ಇಳಿಯದ) ಒಣಗಾಳಿ ಸಾಮಾನ್ಯವಾಗಿ ಬೇಕಿಲ್ಲ. 3 ಡಿಗ್ರಿವರೆಗೆ ತಣಿಸಿ ನೀರು ತೆಗೆಯುವ ರೆಫ್ರಿಜರೇಶನ್ ಡ್ರೈಯರ್ ಸಾಕು. ಗಂಗಾವತಿಯ ಚಳಿ ಅಲ್ಲಿಗೆ ಇಳಿಯುವುದಿಲ್ಲ, ಹಾಗಾಗಿ ಪೈಪಿನಲ್ಲಿ ಮತ್ತೆ ನೀರಾಗದು. ಬಿಸಿ ಬಳಸದ ನಿಮ್ಮಂಥ ಎರಡು ಟವರಿನದು ತನ್ನನ್ನು ಒಣಗಿಸಿಕೊಳ್ಳಲೆಂದೇ ಸುಮಾರು 15% ಗಾಳಿ ತಿನ್ನುತ್ತದೆ, ಅದೆಲ್ಲ ನಿಮ್ಮ ಕರೆಂಟ್ ಬಿಲ್ಲಿಗೆ ಸೇರುತ್ತದೆ. ಆದರೂ ಕೊಂಡಾಗಿದೆ, ಸರಿಪಡಿಸಿ ಬಳಸಿ.

ಇವಿಷ್ಟೂ ಆದ ಮೇಲೆ ಹೊಸ ಗುಂಡು ತುಂಬಿಸಿ. ಡ್ರೈಯರಿನ ನಂತರ ಧೂಳಿನ ಫಿಲ್ಟರ್ ಇಲ್ಲದಿದ್ದರೆ ಅದೇ ದಿನ ಹಾಕಿಸಿ, ಸವೆದ ಗುಂಡುಗಳ ಬಿಳಿ ಪುಡಿ ನೇರ ಎಜೆಕ್ಟರಿಗೆ ಹೋಗುತ್ತದೆ.