ಲಿಖಿತ ಸುತ್ತಿನಲ್ಲಿ ಗೆದ್ದು ಬಜರ್ ಸುತ್ತಿನಲ್ಲಿ ಸೋಲುವ ತಂಡದ ಬಗ್ಗೆ

ಉಡುಪಿಯ ನಿಮ್ಮ ಕಾಲೇಜಿನ ರಸಪ್ರಶ್ನೆ ತಂಡವು ಲಿಖಿತ ಸುತ್ತಿನಲ್ಲಿ ಮುಂದಿದ್ದರೂ ಮಂಗಳೂರಿನ ಸ್ಪರ್ಧೆಗಳ ಬಜರ್ ಸುತ್ತಿನಲ್ಲಿ (ಮೊದಲು ಗುಂಡಿ ಒತ್ತಿದವರು ಉತ್ತರಿಸುವ ಸುತ್ತು) ಅಂಕ ಕಳೆದುಕೊಳ್ಳುವುದಕ್ಕೆ ಬಹುಶಃ ಆಯ್ಕೆಯ ಕ್ರಮವೇ ಕಾರಣ. ಲಿಖಿತ ಪರೀಕ್ಷೆಯ ಮೊದಲ ನಾಲ್ವರನ್ನು ಹಾಗೆಯೇ ತೆಗೆದುಕೊಂಡರೆ, ಯಾವಾಗ ಗುಂಡಿ ಒತ್ತಬೇಕೆಂಬ ವಿವೇಚನೆ ಯಾರಲ್ಲಿದೆ ಎಂಬುದು ತಿಳಿಯುವುದೇ ಇಲ್ಲ.

ಮೊದಲು ಎಂಟು-ಹತ್ತು ಮಂದಿಯನ್ನು ಆರಿಸಿ, ಅವರ ಅಂಕಗಳನ್ನು ವಿಷಯವಾರು ಬಿಡಿಸಿ ಬರೆದುಕೊಳ್ಳಿ. ಬಳಿಕ ಅವರನ್ನೇ ಬೇರೆ ಬೇರೆ ಜೋಡಣೆಯಲ್ಲಿ ಕೂರಿಸಿ, ಪ್ರಶ್ನೆಯನ್ನು ನಿಧಾನವಾಗಿ ಓದುತ್ತಾ, ಸರಿಯುತ್ತರಕ್ಕೆ 10 ಅಂಕ, ಪ್ರಶ್ನೆ ಮುಗಿಯುವ ಮುನ್ನವೇ ಒತ್ತಿ ತಪ್ಪಿದರೆ 5 ಅಂಕ ಕಡಿತ ಎಂಬ ಲೆಕ್ಕದಲ್ಲಿ ಆಡಿಸಿ. ಅಮೆರಿಕದ ವಿದ್ಯಾರ್ಥಿಗಳ ರಸಪ್ರಶ್ನೆ ಸ್ಪರ್ಧೆಯಾದ ಕ್ವಿಜ್ ಬೌಲ್‌ನಲ್ಲಿ ಬಳಕೆಯಲ್ಲಿರುವ ಕ್ರಮವೂ ಇದೇ. ಉದಾಹರಣೆಗೆ, “ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿ” ಎಂಬಲ್ಲಿಗೇ ಒತ್ತಿ ಕಿಟೆಲ್ ಎಂದವರು, “1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದರು” ಎಂಬ ಮುಂದಿನ ಮಾತಿನವರೆಗೆ ತಾಳಿದ್ದರೆ ಮೋಗ್ಲಿಂಗ್ ಎನ್ನುತ್ತಿದ್ದರು. ನಾನು ತರಬೇತಿ ನೀಡಿದ ತಂಡವೊಂದು ಇಂಥದೇ ಆತುರದಿಂದ ಅಂತಿಮ ಸುತ್ತನ್ನು ಕಳೆದುಕೊಂಡಿದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕನಿಷ್ಠ ಐದಾರು ಆಟಗಳಾದರೂ ನಡೆಯಲಿ. ಒಂದೇ ದಿನದ ಫಲಿತಾಂಶವನ್ನು ನಂಬಬೇಡಿ.

ಕೊನೆಯ ಸ್ಥಾನವನ್ನು, ಒಟ್ಟು ಅಂಕ ಕಡಿಮೆಯಿದ್ದರೂ, ಉಳಿದ ಮೂವರಿಗೆ ತಿಳಿಯದ ವಿಷಯ ಬಲ್ಲವರಿಗೆ ಕೊಡಿ. ಮೂವರೂ ಕ್ರಿಕೆಟ್, ರಾಜಕೀಯ ಬಲ್ಲವರಾಗಿದ್ದರೆ ರಸಾಯನಶಾಸ್ತ್ರವನ್ನೋ ಯಕ್ಷಗಾನವನ್ನೋ ಬಲ್ಲವರು ನಾಲ್ಕನೆಯವರಾಗಲಿ. ಸದಸ್ಯರ ಸಂಖ್ಯೆ, ಅಂಕ ಕಡಿತದ ನಿಯಮಗಳು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುವುದರಿಂದ, ಹೆಸರು ನೋಂದಾಯಿಸುವ ಮೊದಲೇ ಸಂಘಟಕರನ್ನು ಕೇಳಿ, ಅಭ್ಯಾಸದ ಲೆಕ್ಕವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.