ತೋಟ ಮಾರಿ ಇಂಜಿನಿಯರಿಂಗ್ ಓದಬೇಕಾ? ಮೊದಲು ಆಪ್ಷನ್ ಎಂಟ್ರಿ ನೋಡಿ

ಒಂದು ಎಕರೆ ಲಿಂಬೆ ತೋಟ ಮಾರಿ ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ತಗೊಂಡರೆ ಆ ದುಡ್ಡು ವಾಪಸ್ ಬರುತ್ತಾ, ಇಲ್ಲಾ ಕಾಲೇಜೇ ಬೇಡ ಅಂತ ವಿಜಯಪುರ ಜಿಲ್ಲೆಯ ನಿಮ್ಮ ಇಂಡಿಯಲ್ಲೇ ಉಳಿಯೋದು ಒಳ್ಳೇದಾ ಎಂದು ಕೇಳಿದ್ದೀರಿ. ತಮ್ಮಾ, ಇದರಲ್ಲಿ ಲಿಂಬೆ ತೋಟದ ಜಾಗಕ್ಕೆ ಪವರ್‌ಲೂಮ್ ಮಗ್ಗ ಅಂತ ಹಾಕಿಬಿಟ್ಟರೆ ಅದು 2015ರ ನಮ್ಮ ಮನೆಯ ಕಥೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಮನೆಯಲ್ಲೇ ನಾಲ್ಕು ಮಗ್ಗ ಇದ್ದವು. ಮಾಲಕರು ನೂಲು ಕೊಡುತ್ತಿದ್ದರು, ನಾವು ಸೀರೆ ನೇಯ್ದು ಕೊಟ್ಟು ಮಜೂರಿ ತರುತ್ತಿದ್ದೆವು. ಅಪ್ಪ ಮಗ್ಗದ ಮುಂದೆ ನಿಂತರೆ ಅವ್ವ ಕಂಡಿಕೆ ಸುತ್ತುತ್ತಿದ್ದರು. ನಾನು ಜಮಖಂಡಿಯಲ್ಲಿ ಪಿಯುಸಿ ಸೈನ್ಸ್ ಮುಗಿಸಿದ್ದೆ. ಸಿಇಟಿ ರ‍್ಯಾಂಕ್ ಬಹಳ ಒಳ್ಳೆಯದೂ ಅಲ್ಲ, ತೀರಾ ಕೆಟ್ಟದ್ದೂ ಅಲ್ಲ. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಹಾಗಾಗಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಪಟ್ಟಿ ಮಾಡಿ ಹಾಕೋದು, ಅದು ಹೇಗೆ ಎಂದು ಕೇಳೋಕೆ ಇದ್ದದ್ದು ಸೈಬರ್ ಅಂಗಡಿಯ ಅಣ್ಣ ಒಬ್ಬರೇ.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ತಮ್ಮಾ, ಬಾಗಲಕೋಟಿ, ಬಿಜಾಪುರ ಹಾಕಬ್ಯಾಡ. ಹಾಕಿದೆಂದ್ರ ಅದನ್ನ ಕೊಟ್ಟು ಕೈ ತೊಳ್ಕೋತಾರ. ಬೆಂಗಳೂರು ಅಷ್ಟ ಹಾಕು." ನಾನು ನಂಬಿದೆ. ಬೆಂಗಳೂರಿನ ಹೆಸರಾಂತ ಕಾಲೇಜು ಏಳೆಂಟು, ಎಲ್ಲದರಲ್ಲೂ ಕಂಪ್ಯೂಟರ್ ಸೈನ್ಸ್ ಒಂದೇ. ಅಷ್ಟು ಹಾಕಿ ಸೇವ್ ಒತ್ತಿ ಮನೆಗೆ ಬಂದೆ.

ಈ ಜಾಗದಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಮನೆ ಲಕ್ಷಗಟ್ಟಲೆ ಕಳೆದುಕೊಂಡಿದ್ದು ಇಲ್ಲೇ. ಇವತ್ತಿಗೂ ನಮ್ಮ ಕಡೆ ಹುಡುಗರು ಇದೇ ಮಾತು ನಂಬುತ್ತಾರೆ.

ಸೀಟು ಹಂಚುವ ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತಗೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೊದಲನೇ ಆಪ್ಷನ್ ನೋಡುತ್ತದೆ. ನಿಮ್ಮ ಕೆಟಗರಿಯಲ್ಲಿ ಅಲ್ಲಿ ಸೀಟು ಉಳಿದಿದ್ದರೆ ಅದನ್ನೇ ಕೊಡುತ್ತದೆ, ಕೆಳಗೆ ಏನಿದೆ ಅಂತ ನೋಡುವುದೇ ಇಲ್ಲ. ಅಲ್ಲಿ ಸೀಟಿಲ್ಲದಿದ್ದರೆ ಮಾತ್ರ ಎರಡನೆಯದಕ್ಕೆ ಬರುತ್ತದೆ, ಆಮೇಲೆ ಮೂರನೆಯದಕ್ಕೆ. ಪಟ್ಟಿ ಮುಗಿಯುವ ತನಕ ಹೀಗೇ ಇಳಿಯುತ್ತಾ ಹೋಗುತ್ತದೆ. ಅಂದಮೇಲೆ ಅರವತ್ತನೇ ಸಾಲಿನಲ್ಲಿ ಬಾಗಲಕೋಟೆ ಬರೆದರೆ ಮೊದಲನೇ ಸಾಲಿನ ಬೆಂಗಳೂರು ತಪ್ಪಿ ಹೋಗಲು ದಾರಿಯೇ ಇಲ್ಲ. ಮೇಲಿನದೆಲ್ಲ ಕೈತಪ್ಪಿದ ಮೇಲೆ ತಾನೇ ಕೆಳಗಿನದಕ್ಕೆ ಬರೋದು? ಎಷ್ಟು ಆಪ್ಷನ್ ಹಾಕಿದರೂ ನಷ್ಟ ಇಲ್ಲ. ಕಡಿಮೆ ಹಾಕಿದರೆ ಮಾತ್ರ ನಷ್ಟ.

ಇನ್ನೂ ಒಂದಿದೆ. ಮೊದಲ ಸುತ್ತಿಗೆ ಮುಂಚೆ ಅಣಕು ಸೀಟು ಹಂಚಿಕೆ ಬಿಡುತ್ತಾರೆ. ನೀವು ಹಾಕಿದ ಪಟ್ಟಿಗೆ ಏನು ಸಿಗಬಹುದು ಅಂತ ತೋರಿಸುವುದಕ್ಕೇ ಅದು ಇರೋದು. ನೋಡಿಕೊಂಡು ಪಟ್ಟಿಗೆ ಸೇರಿಸಬಹುದು, ತೆಗೆಯಬಹುದು, ಹಿಂದೆ ಮುಂದೆ ಮಾಡಬಹುದು. ನನಗೆ ಅಣಕು ಹಂಚಿಕೆಯಲ್ಲಿ ಯಾವ ಸೀಟೂ ಬರಲಿಲ್ಲ. ಅವತ್ತೇ ನಾನು ಎಚ್ಚರ ಆಗಬೇಕಿತ್ತು. "ಇದು ಅಣಕು ಐತಿ, ಖರೇದರಾಗ ಬರ್ತೈತಿ" ಎಂದರು ಅಂಗಡಿಯ ಅಣ್ಣ. ನಾನು ಪಟ್ಟಿ ಮುಟ್ಟಲೇ ಇಲ್ಲ. ಆಮೇಲಿನ ಸುತ್ತುಗಳಲ್ಲೂ ಬರಲಿಲ್ಲ. ಜಮಖಂಡಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯನ ರ‍್ಯಾಂಕ್ ನನಗಿಂತ ಹಿಂದೆ ಇತ್ತು, ಕೆಟಗರಿ ಇಬ್ಬರದೂ ಒಂದೇ. ಅವನು ನಮ್ಮ ಭಾಗದ ಎಲ್ಲ ಕಾಲೇಜನ್ನೂ ಹಾಕಿದ್ದ. ಅವನಿಗೆ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ನಾನು ಹಾಕಿದ್ದರೆ ಅವನಿಗಿಂತ ಮೊದಲು ನನಗೇ ಸಿಗಬೇಕಿದ್ದ ಸೀಟು ಅದು.

ಸೀಟು ಇಲ್ಲ ಅಂದಮೇಲೆ ಏಜೆಂಟರ ಫೋನ್ ಶುರುವಾಯಿತು. ನನ್ನ ನಂಬರ್ ಅವರಿಗೆ ಹೇಗೆ ಸಿಕ್ಕಿತೋ ಇವತ್ತಿಗೂ ಗೊತ್ತಿಲ್ಲ. ನಿಮಗೂ ಬಂದಿರಬೇಕು, ಅಲ್ವಾ? "ಕೊನೇ ಸೀಟು, ಇವತ್ತೇ ಅಡ್ವಾನ್ಸ್ ಹಾಕಿ" ಅನ್ನುವ ಫೋನ್. ಅಪ್ಪನಿಗೆ ಮಗನ ವರ್ಷ ಹಾಳಾಗುತ್ತದೆ ಎಂಬ ಹೆದರಿಕೆ. ಎಜುಕೇಶನ್ ಲೋನ್ ಕೇಳಲು ಬ್ಯಾಂಕಿಗೆ ಹೋದೆವು. ಸಿಇಟಿ ಅಲಾಟ್‌ಮೆಂಟ್ ಲೆಟರ್ ಇದೆಯಾ ಎಂದರು. ಇಲ್ಲ ಅಂದಿದ್ದಕ್ಕೆ ಮನೆ ಕಾಗದ ಕೇಳಿದರು. ಮನೆ ಅಜ್ಜನ ಹೆಸರಿನಲ್ಲೇ ಇತ್ತು, ವಾಟಣಿ, ಅಂದರೆ ಆಸ್ತಿ ಪಾಲು, ಆಗಿರಲಿಲ್ಲ. ಅಲ್ಲಿಂದ ಊರಿನ ಸೊಸೈಟಿಗೆ ಹೋದೆವು. ಶೇ 16 ಬಡ್ಡಿಗೆ 5 ಲಕ್ಷ ಸಿಕ್ಕಿತು. ಉಳಿದದ್ದಕ್ಕೆ ಎರಡು ಮಗ್ಗ ಮಾರಿದೆವು, ಅವ್ವನ ಬಂಗಾರ ಹೋಯಿತು.

ಮಗ್ಗ ಬಿಚ್ಚಿದ ದಿನ ನಾನು ಮನೆಯಲ್ಲೇ ಇದ್ದೆ. ಕೊಂಡವರು ಬೋಲ್ಟ್ ಬಿಚ್ಚಿ, ಚೌಕಟ್ಟನ್ನು ಬಿಡಿಬಿಡಿ ಮಾಡಿ ಟೆಂಪೊಕ್ಕೆ ಏರಿಸಿದರು. ನೆಲದ ಮೇಲೆ ಎಣ್ಣೆ ಕುಡಿದು ಕಪ್ಪಾದ ಗುರುತು, ಕಾಲು ಕೂರಿಸಿದ್ದ ತೂತುಗಳು ಹಾಗೇ ಉಳಿದವು. ಅಪ್ಪ ಉಳಿದ ಎರಡು ಮಗ್ಗ ನಿಲ್ಲಿಸಲಿಲ್ಲ. ಅವು ಬಿಚ್ಚುತ್ತಿರುವಾಗ ಇವು ಓಡುತ್ತಲೇ ಇದ್ದವು. ನಿಲ್ಲಿಸಿದರೆ ಅವತ್ತಿನ ಮಜೂರಿ ಹೋಗುತ್ತಿತ್ತು.

ಬೆಂಗಳೂರಿನ ಕಾಲೇಜಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಪಾಠ ಸಾಧಾರಣ, ಹಾಸ್ಟೆಲ್ ದುಬಾರಿ. 2019ರಲ್ಲಿ ಮುಗಿಸಿದೆ. ಕ್ಯಾಂಪಸ್‌ನಲ್ಲಿ ಆಗಲಿಲ್ಲ, ಹೊರಗೆ ಒಂದು ಸಣ್ಣ ಕಂಪನಿಯಲ್ಲಿ ತಿಂಗಳಿಗೆ 15,000ಕ್ಕೆ ಸೇರಿದೆ.

ಈಗ ಲೆಕ್ಕ ಹಾಕಿ. 5 ಲಕ್ಷಕ್ಕೆ ಶೇ 16 ಅಂದರೆ ವರ್ಷಕ್ಕೆ 80,000 ರೂಪಾಯಿ ಬಡ್ಡಿ. ತಿಂಗಳಿಗೆ ಸುಮಾರು 6,700. ಓದುವ ನಾಲ್ಕು ವರ್ಷ ಅದನ್ನು ಕಟ್ಟಿದ್ದು ಅಪ್ಪ, ಎರಡೇ ಮಗ್ಗದ ಮಜೂರಿಯಲ್ಲಿ. ಬರೀ ಬಡ್ಡಿಯೇ 3 ಲಕ್ಷ ದಾಟಿತು, ಅಸಲು ಹಾಗೇ ಇತ್ತು. ನನಗೆ ಕೆಲಸ ಸಿಕ್ಕ ಮೇಲೆ 15,000ದಲ್ಲಿ 6,700 ಬಡ್ಡಿಗೆ ಹೋದರೆ ಬೆಂಗಳೂರಿನಲ್ಲಿ ರೂಮ್ ಬಾಡಿಗೆ ಕಟ್ಟಿ ಏನು ಉಳಿಯುತ್ತದೆ? 2020ರ ಲಾಕ್‌ಡೌನ್‌ನಲ್ಲಿ ಆ ಕೆಲಸವೂ ಹೋಯಿತು. ಊರಿಗೆ ಬಂದು ಅಪ್ಪನ ಜೊತೆ ಮಗ್ಗಕ್ಕೆ ನಿಂತೆ. ಆಮೇಲೆ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತು. ಎಷ್ಟು ಎರಕ ಆಯಿತು, ಯಾವ ಆರ್ಡರ್ ಎಲ್ಲಿದೆ ಎಂದು ಲೆಕ್ಕ ಇಡುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಈಗ ಸಂಬಳ ಚೆನ್ನಾಗಿದೆ. ಸೊಸೈಟಿಯ ಸಾಲ ತೀರಿದ್ದು 2024ರಲ್ಲಿ.

ಈ ಕೆಲಸ ಡಿಗ್ರಿ ಇಲ್ಲದೆ ನನಗೆ ಸಿಗುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಕಾಲೇಜು ಬೇಕಾ ಬೇಡವಾ ಎಂದು ನೀವು ಕೇಳಿದ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನನ್ನ ಗೆಳೆಯನೂ ಓದಿದ, ನಾನೂ ಓದಿದೆ. ಇಬ್ಬರ ಸರ್ಟಿಫಿಕೇಟ್ ಮೇಲೂ ಇರುವುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರೇ. 1998ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಇರುವುದು ಇಲ್ಲೇ, ನಮ್ಮ ಬೆಳಗಾವಿಯಲ್ಲಿ, ಮಚ್ಛೆ ಹತ್ತಿರದ ಜ್ಞಾನ ಸಂಗಮದಲ್ಲಿ. ಸ್ವಾಯತ್ತ ಅಲ್ಲದ ಕಾಲೇಜುಗಳಿಗೆ ಸಿಲೆಬಸ್, ಪ್ರಶ್ನೆಪತ್ರಿಕೆ ಎಲ್ಲ ಒಂದೇ. ಅವನು ವಾರಕ್ಕೊಮ್ಮೆ ಮನೆಯಿಂದ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಓದಿದ. ಅವನ ನಾಲ್ಕು ವರ್ಷದ ಫೀ ಎಲ್ಲ ಸೇರಿಸಿದರೂ ನಾನು ಡೊನೇಶನ್ ಅಂತ ಕೊಟ್ಟಷ್ಟು ಆಗಲಿಲ್ಲ. ಓದು ಅದೇ, ಬೆಲೆ ಬೇರೆ. ಯಾವ ಬಾಗಿಲಿಂದ ಒಳಗೆ ಹೋಗುತ್ತೀರಿ ಅನ್ನುವುದರ ಮೇಲೆ ಖರ್ಚು ನಿಂತಿದೆ.

ಹಾಗಾಗಿ ತೋಟ ಮಾರಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಲಿಂಬೆ ಗಿಡ ಫಲಕ್ಕೆ ಬರಲೇ ಮೂರ್ನಾಲ್ಕು ವರ್ಷ ಬೇಕು. ನಿಮ್ಮಪ್ಪ ಅದನ್ನು ನೀರು ಹಾಕಿ ಬೆಳೆಸಿದ್ದಾರೆ, ಈಗ ಅದು ವರ್ಷ ವರ್ಷ ದುಡಿದು ಕೊಡುತ್ತಿದೆ. ಮಾರಿದ ಮೇಲೆ ಇಂಡಿ ಸುತ್ತ ಮತ್ತೆ ಆ ರೇಟಿಗೆ ನೀರಾವರಿ ಜಮೀನು ಸಿಗುವುದಿಲ್ಲ. ನಮ್ಮ ಎರಡು ಮಗ್ಗಗಳು ಇವತ್ತಿಗೂ ವಾಪಸ್ ಬಂದಿಲ್ಲ.

ನಿಮ್ಮ ರ‍್ಯಾಂಕ್ ಎಪ್ಪತ್ತು ಸಾವಿರದ ಮೇಲೆ, ಏನೂ ಸಿಗಲ್ಲ ಅಂತ ಬರೆದಿದ್ದೀರಿ. ಯಾರು ಹೇಳಿದ್ದು, ಏಜೆಂಟಾ? ಪ್ರತಿ ವರ್ಷ ಸಿಇಟಿ ಮುಗಿದ ಮೇಲೂ ರಾಜ್ಯದಲ್ಲಿ ಸಾವಿರಾರು ಇಂಜಿನಿಯರಿಂಗ್ ಸೀಟು ಖಾಲಿ ಉಳಿಯುತ್ತವೆ. ಕಂಪ್ಯೂಟರ್ ಸೈನ್ಸ್ ಸಿಗದೇ ಇರಬಹುದು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಿವಿಲ್ ನೋಡಿ. ಮೆಕ್ಯಾನಿಕಲ್‌ಗೆ ಕೆಲಸ ಇಲ್ಲ ಅನ್ನುವವರನ್ನು ಒಂದು ದಿನ ಉದ್ಯಮಬಾಗಕ್ಕೆ ಕರೆತನ್ನಿ. ಫೌಂಡ್ರಿ, ಸಿಎನ್‌ಸಿ ಮಷಿನ್ ಶಾಪ್, ಹೈಡ್ರಾಲಿಕ್ಸ್, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಘಟಕಗಳು ಇವೆ. ನಮ್ಮಲ್ಲಿ ಡ್ರಾಯಿಂಗ್ ಓದಲು ಬರುವ ಹುಡುಗರಿಗೆ ಹುಡುಕಾಟ ಇದ್ದೇ ಇರುತ್ತದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿ, ಧಾರವಾಡ, ಕಲಬುರಗಿ, ಎಲ್ಲಾ ಹಾಕಿ. ನೀವು ನಿಜವಾಗಿ ಹೋಗಲು ತಯಾರಿರುವ ಕಾಲೇಜು ಒಂದೂ ಬಿಡಬೇಡಿ. ಕಲಬುರಗಿ ಕಡೆಯವರಿಗೆ ಇರುವ 371ಜೆ ಮೀಸಲಾತಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗೆ ಇಲ್ಲ, ಅದರ ಮೇಲೆ ಆಸೆ ಇಡಬೇಡಿ. ಆದರೆ ಹಳ್ಳಿಯಲ್ಲಿ ಒಂದರಿಂದ ಹತ್ತನೇ ತರಗತಿ ಓದಿದ್ದರೆ ಗ್ರಾಮೀಣ ಕೋಟಾ ಇದೆ, ಕನ್ನಡ ಮಾಧ್ಯಮದ್ದು ಬೇರೆಯೇ ಇದೆ. ಇದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಿ. ಅದರ ಆರ್‌ಡಿ ನಂಬರ್ ಅರ್ಜಿಯಲ್ಲಿ ಸರಿಯಾಗಿ ಬಿದ್ದಿದೆಯಾ ಎಂದು ನೋಡಿ. ಮನೆಯ ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಸೀಟಿಗೆ ಅವಕಾಶ ಇದೆ. ಪ್ರತಿ ಕೋರ್ಸಿನಲ್ಲಿ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇರುವುದಿಲ್ಲ. ಈ ಸೀಟಿನ ಹೆಸರು ನಾನು ಮೊದಲು ಕೇಳಿದ್ದೇ ಡಿಗ್ರಿ ಮುಗಿದ ಮೇಲೆ.

ಸಿಇಟಿ ಸೀಟು ಸಿಕ್ಕಮೇಲೂ ದುಡ್ಡು ಸಾಲದಿದ್ದರೆ ಸೊಸೈಟಿ ಕಡೆ ತಿರುಗಿಯೂ ನೋಡಬೇಡಿ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. 7.5 ಲಕ್ಷದವರೆಗೆ ಹೊಲ ಮನೆ ಅಡ ಇಡದೆ ಕೊಡುವ ಯೋಜನೆ ಇದೆ, ಅಪ್ಪ ಜೊತೆಗೆ ಸಹಿ ಹಾಕಿದರೆ ಸಾಕು. ವರ್ಷದ ಆದಾಯ 4.5 ಲಕ್ಷದ ಒಳಗಿದ್ದು, ಕಾಲೇಜಿಗೆ ನ್ಯಾಕ್ ಇಲ್ಲವೇ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ಓದುವ ವರ್ಷಗಳ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. ಬ್ಯಾಂಕಿನವರು ತಾವಾಗಿ ಹೇಳಲಿ ಎಂದು ಕಾಯಬೇಡಿ, ಬಡ್ಡಿ ಸಹಾಯಧನ ಬೇಕು ಎಂದು ಬಾಯಿ ಬಿಟ್ಟು ಕೇಳಿ. ನಮ್ಮಪ್ಪ ಮಗ್ಗದ ಮುಂದೆ ನಿಂತು ಕಟ್ಟಿದ ಆ 3 ಲಕ್ಷ ಈ ದಾರಿಯಲ್ಲಿ ಉಳಿಯುತ್ತಿತ್ತು. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ಸ್ಕಾಲರ್‌ಶಿಪ್, ಇವನ್ನೂ ವಿಚಾರಿಸಿ.

ಇಷ್ಟೆಲ್ಲ ಮಾಡಿಯೂ ಸೀಟು ಸಿಗಲಿಲ್ಲ ಅಂತಿಟ್ಟುಕೊಳ್ಳಿ. ಪಿಯುಸಿ ಸೈನ್ಸ್ ಆದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು. ಅದು ಮುಗಿಸಿ ಡಿಪ್ಲೊಮಾದವರಿಗೆ ಇರುವ ಸಿಇಟಿ, ಅಂದರೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಇಲ್ಲಾ ಮನೆಯಲ್ಲೇ ಕೂತು ಓದಿ ಮುಂದಿನ ವರ್ಷ ಮತ್ತೆ ಸಿಇಟಿ ಬರೆಯಿರಿ. ವರ್ಷ ಹಾಳಾಗುತ್ತದೆ ಎಂದು ಸಂಬಂಧಿಕರು ಅಂದೇ ಅನ್ನುತ್ತಾರೆ. ಅನ್ನಲಿ ಬಿಡಿ. ಆ ಒಂದು ವರ್ಷ ಉಳಿಸಲು ಹೋಗಿ ನಮ್ಮ ಮನೆಯವರು ಒಂಬತ್ತು ವರ್ಷ ಸಾಲ ತೀರಿಸಿದರು.

ಸೀಟು ಬಂದಾಗ ನಾಲ್ಕು ಛಾಯ್ಸ್ ಕೇಳುತ್ತಾರೆ, ಅಲ್ಲಿಯೂ ಹುಡುಗರು ಎಡವುತ್ತಾರೆ. ಒಂದನೆಯದು, ಇದೇ ಸಾಕು, ಸೇರುತ್ತೇನೆ. ಎರಡನೆಯದು, ಇದು ನನ್ನ ಕೈಯಲ್ಲಿರಲಿ, ಮೇಲಿನದು ಸಿಗುತ್ತಾ ಎಂದು ಮುಂದಿನ ಸುತ್ತಿನಲ್ಲಿ ನೋಡುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು ಒತ್ತಿದರೆ ಪೂರ್ತಿ ಹೊರಗೆ. ನಿಮ್ಮಂಥ ರ‍್ಯಾಂಕಿನವರು ಮೂರನೆಯದನ್ನು ಮುಟ್ಟಬೇಡಿ, ಕೈಗೆ ಬಂದದ್ದು ಹೋಗುತ್ತದೆ. ಇನ್ನೂ ಆಸೆ ಇದ್ದರೆ ಎರಡನೆಯದನ್ನೇ ಒತ್ತಿ. ಅದಕ್ಕೆ ಫೀ ಕಟ್ಟಬೇಕಾಗುತ್ತದೆ, ಅಷ್ಟನ್ನು ಈಗಲೇ ಹೊಂದಿಸಿಡಿ.

ಅಪ್ಪನಿಗೆ ಇದನ್ನೆಲ್ಲ ನೀವೇ ಕೂತು ಓದಿ ಹೇಳಿ. ಏಜೆಂಟಿಗೆ ಅಡ್ವಾನ್ಸ್ ಹಾಕಿಲ್ಲ ತಾನೆ? ಅಣಕು ಹಂಚಿಕೆ ಬಂದ ದಿನ ನಿಮ್ಮ ಪಟ್ಟಿಯನ್ನು ಇಲ್ಲೇ ಕೆಳಗೆ ಹಾಕಿ, ನಾನು ನೋಡುತ್ತೇನೆ.